ಅಲ್ ಹಿಲಾಲ್‌ನಲ್ಲಿ ಹಾಪ್ಸ್ ಬೆಳೆದ ಚಳಿಗಾಲ

ಕಳೆದ ವಾರ ದೋಹಾದ ಅಲ್ ಮನ್ಸೂರಾದ ಸೂಪರ್‌ಮಾರ್ಕೆಟ್ಟೊಂದರಲ್ಲಿ ನಾನು ತೊಗರಿಬೇಳೆ ಹುಡುಕುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಯಾರೋ ಮಾಲ್ಟ್ ಪಾನೀಯದ ಬಾಟಲಿ ಕೆಡವಿದರು. ಗಾಜು ಒಡೆದ ಸದ್ದಿಗಿಂತ ಮೊದಲು ವಾಸನೆ ಬಂದಂತೆ ನನಗೆ ನೆನಪು, ಅದು ಸಾಧ್ಯವಿಲ್ಲ ಅಂತ ಗೊತ್ತಿದ್ದರೂ. ಹುರಿದ ಬಾರ್ಲಿ, ಅದರ ಮೇಲೆ ಕಿತ್ತಳೆ ಸಿಪ್ಪೆ, ಅಡಿಯಲ್ಲೆಲ್ಲೋ ಒಂದು ಹಸಿರು ಕಹಿ. ನೆಲ ಒರೆಸಲು ಬಂದವನು "ಭಾಯ್, ಥೋಡಾ ಸೈಡ್" ಅಂದ. ನಾನು ಸರಿಯಲಿಲ್ಲ. ಅವನು ನನ್ನ ಚಪ್ಪಲಿಯ ಸುತ್ತ ಒರೆಸಿಕೊಂಡು ಹೋದ.

ಆ ಚಳಿಗಾಲದ ಕಥೆಯನ್ನು ಎರಡು ಸಲ ಒಂದೇ ಥರ ಹೇಳಲು ನನಗೆ ಬಂದಿಲ್ಲ. ಒಮ್ಮೆ ಹೇಳುವಾಗ ನಾನು ನೆಟ್ಟಗಿನ ಮನುಷ್ಯನಾಗಿ ಕಾಣುತ್ತೇನೆ, ಇನ್ನೊಮ್ಮೆ ಹೇಳುವಾಗ ದಡ್ಡ. ಬರೆದರೆ ಯಾವುದಾದರೂ ಒಂದು ನಿಲ್ಲಬಹುದೇನೋ ಅಂತ ಕೂತಿದ್ದೇನೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಯಾರೂ ಬಿಟ್ಟಿ ಕೊಟ್ಟದ್ದಲ್ಲ. ನಮ್ಮಪ್ಪ ಮದ್ದೂರಿನ ಆಚೆ ಈಚಲು ಮರದಿಂದ ಹೆಂಡ ಇಳಿಸುತ್ತಿದ್ದವರು. ಹೆಂಡ ನಿಂತ ಮೇಲೆ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತರು. ಅವರು ನನಗೆ ಹೇಳಿದ ಬುದ್ಧಿಮಾತು ಒಂದೇ: "ಮಗಾ, ಮೈಯಾಗೆ ವಾಸ್ನೆ ಹೊಡೀದೇ ಇರೋ ಕೆಲಸ ಹಿಡಿ." ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿದೆ. ಹುದುಗುವಿಕೆಯ ಪಾಠದಲ್ಲಿ ಇಡೀ ಕ್ಲಾಸಿಗೆ ಹೆಚ್ಚು ಮಾರ್ಕ್ಸು ನನಗೇ ಬಂದದ್ದು. ಆ ಪಾಠ ಹೊಸದೆನಿಸಲಿಲ್ಲ ಯಾಕೆ ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ.

ದೋಹಾಕ್ಕೆ ಬಂದದ್ದು ಏಜೆಂಟನ ಕೈಯಲ್ಲಿ ಆಗ ಯಾವ ವೀಸಾ ಇತ್ತೋ ಅದರ ಮೇಲೆ. ನನ್ನ ಗುರುತಿನ ಕಾರ್ಡಿನಲ್ಲಿ ಉದ್ಯೋಗ ಅನ್ನುವ ಕಡೆ "ಹೆಲ್ಪರ್" ಅಂತ ಇತ್ತು. ಜ್ಯೂಸು, ಮಾಲ್ಟ್ ಪಾನೀಯ ಮಾಡುವ ಒಂದು ಸಣ್ಣ ಕಂಪನಿ. ಸಕ್ಕರೆ ನೋಡುವುದು, ಹುಳಿ ನೋಡುವುದು, ಗ್ಯಾಸಿನ ಒತ್ತಡ ನೋಡುವುದು, ಹೀಗೆ ಲ್ಯಾಬಿನ ಕೆಲಸವೆಲ್ಲ ನನ್ನದು. ಆದರೆ ಕಾಗದದ ಮೇಲೆ ಕೆಮಿಸ್ಟ್ ಅಂತ ಇದ್ದವಳು ಗ್ರೇಸ್ ಅನ್ನುವ ಫಿಲಿಪೀನ್ಸ್ ಹೆಂಗಸು. ಪಾಪ, ಒಳ್ಳೆಯವಳು. ಅವಳು ಸಹಿ ಹಾಕುತ್ತಿದ್ದಳು, ನಾನು ಅಳೆಯುತ್ತಿದ್ದೆ. ಊರಿನಲ್ಲಿ ಅಪ್ಪ ಎಲ್ಲರಿಗೂ "ನನ್ ಮಗ ದುಬೈ ಕಡೆ ಸೈಂಟಿಸ್ಟು" ಅಂತ ಹೇಳಿಕೊಂಡಿದ್ದರು. ಕತಾರ್ ಅಂತ ತಿದ್ದಲಿಲ್ಲ. ಸೈಂಟಿಸ್ಟು ಅನ್ನುವುದನ್ನೂ ತಿದ್ದಲಿಲ್ಲ.

ಆ ಚಳಿಗಾಲಕ್ಕೆ ಸ್ವಲ್ಪ ಮುಂಚೆ ನನ್ನ ಹೆಂಡತಿ ಭಾಗ್ಯ ವಿಸಿಟ್ ವೀಸಾದ ಮೇಲೆ ಬಂದಳು. ಮದುವೆಯಾದ ಮೇಲೆ ನಾವಿಬ್ಬರು ಒಂದೇ ಸೂರಿನ ಕೆಳಗೆ ಇದ್ದದ್ದು ರಜೆಯಲ್ಲಿ ಮಾತ್ರ. ಹೆಲ್ಪರ್ ಕಾರ್ಡಿನವನಿಗೆ ಹೆಂಡತಿಯನ್ನು ಖಾಯಂ ಇಟ್ಟುಕೊಳ್ಳುವ ವೀಸಾ ಸಿಗುವುದಿಲ್ಲ. ಕೆಮಿಸ್ಟ್ ಅಂತಿದ್ದರೆ ಸಿಗುತ್ತದೆ. ಮನುಷ್ಯ ಅವನೇ, ಡಿಗ್ರಿ ಅದೇ, ಕಾರ್ಡಿನಲ್ಲಿ ಒಂದು ಪದ ಬೇರೆ. ಭಾಗ್ಯ ಬಂದಿಳಿದ ದಿನವೇ ಈ ವಿಷಯ ಕೇಳಿಕೊಂಡು, "ಹಂಗಾರೆ ಆ ಒಂದ್ ಪದನ ಯಾರ್ ಬರೀಬೇಕ್ರೀ?" ಅಂದಳು.

ಬರೆಸಬೇಕಾದವನು ತಾರೆಕ್. ಈಜಿಪ್ಟಿನವನು, ನಮ್ಮ ಫ್ಯಾಕ್ಟರಿಯ ಮ್ಯಾನೇಜರ್. ಅವನ ಸ್ನೇಹಿತನೊಬ್ಬ ದೇಶ ಬಿಟ್ಟು ಹೋಗುವಾಗ ಕುಂಡದಲ್ಲಿದ್ದ ಒಂದು ಗಿಡದ ಬೇರನ್ನು ಅವನಿಗೆ ಕೊಟ್ಟು ಹೋಗಿದ್ದ. ಹಾಪ್ಸ್. ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಬಳ್ಳಿ. ನಮ್ಮ ಮಾಲ್ಟ್ ಪಾನೀಯಕ್ಕೂ ಅದನ್ನೇ ಹಾಕುತ್ತೇವೆ, ಒಣಗಿಸಿ ಒತ್ತಿದ ಗುಳಿಗೆಯ ರೂಪದಲ್ಲಿ, ಹೊರದೇಶದಿಂದ ತರಿಸಿ. ಬಿಯರಿಗೂ ನಮ್ಮದಕ್ಕೂ ವ್ಯತ್ಯಾಸ ಇಷ್ಟೇ: ನಾವು ಬಾರ್ಲಿಯ ಸಿಹಿನೀರನ್ನು ಕುದಿಸಿ, ಸೋಸಿ, ತಣ್ಣಗೆ ಮಾಡಿ ಗ್ಯಾಸು ತುಂಬುತ್ತೇವೆ. ಯೀಸ್ಟನ್ನು ಹತ್ತಿರಕ್ಕೂ ಬಿಡುವುದಿಲ್ಲ. ಹುದುಗದಿದ್ದರೆ ಅದು ಶರಬತ್ತು, ಹುದುಗಿದರೆ ಬಿಯರು.

"ಅರಬಾಬ್‌ಗೆ ಈಗ ಲೋಕಲ್ ಅನ್ನುವ ಹುಚ್ಚು ಹಿಡಿದಿದೆ," ಅಂದ ತಾರೆಕ್. ಅರಬಾಬ್ ಅಂದರೆ ಕಂಪನಿಯ ಮಾಲೀಕ. "ಇಲ್ಲೇ ಬೆಳೆದ ಹಾಪ್ಸ್, ತಾಜಾ ಕಿತ್ತಳೆ ಸಿಪ್ಪೆ. ರಂಜಾನಿನಲ್ಲಿ ಅವರ ಮನೆಯ ಮಜ್ಲಿಸ್‌ನಲ್ಲಿ, ಅತಿಥಿಗಳೆಲ್ಲ ಸೇರುವ ಕಡೆ, ರುಚಿ ತೋರಿಸುತ್ತೇನೆ. ಒಪ್ಪಿದರೆ, ಇದನ್ನು ಮಾಡಿದವನು ಕೆಮಿಸ್ಟ್ ಅಂತ ನಾನೇ ಆಫೀಸಿಗೆ ಬರೆಯುತ್ತೇನೆ. ನಿನ್ನ ಹೆಂಡತಿ ಇಲ್ಲೇ ಇರಬಹುದು. ಯಲ್ಲಾ, ಗಿಡ ತಗೊಂಡು ಹೋಗು."

ಬೇರನ್ನು ಮೊದಲು ಫ್ಯಾಕ್ಟರಿಯ ಕೋಲ್ಡ್ ಸ್ಟೋರಿನಲ್ಲಿ ಮಾವಿನ ತಿರುಳಿನ ಡಬ್ಬಗಳ ಮಧ್ಯೆ ಕೆಲವು ವಾರ ಮಲಗಿಸಿದೆ. ಅದಕ್ಕೆ ಚಳಿಗಾಲ ಮುಗಿಯಿತು ಅನ್ನಿಸಬೇಕಲ್ಲ. ಅಕ್ಟೋಬರಿನಲ್ಲಿ ಸೆಖೆ ಇಳಿದ ಮೇಲೆ ಅಲ್ ಹಿಲಾಲ್‌ಗೆ ತಂದೆ. ನಾವಿದ್ದದ್ದು ಒಂದು ಹಳೆಯ ವಿಲ್ಲಾದ ಹಿಂಭಾಗದ ಕೋಣೆಯಲ್ಲಿ. ಮುಂಭಾಗದಲ್ಲಿ ಹಮೀದಾಕನ ಸಂಸಾರ. ಬಂಟ್ವಾಳ ಕಡೆಯ ಬ್ಯಾರಿಗಳು, ಅಲ್ ಮನ್ಸೂರಾದಲ್ಲಿ ಪಾತ್ರೆ ಅಂಗಡಿ. ಅವರ ಹೆಂಡತಿ ಸಫಿಯಮ್ಮ ಭಾಗ್ಯಳನ್ನು ಬಂದ ವಾರದಲ್ಲೇ ತಂಗಿ ಮಾಡಿಕೊಂಡಿದ್ದರು. ಎರಡೂ ಮನೆಗೆ ಸೇರಿದ ಒಂದು ಪುಟ್ಟ ಅಂಗಳ. ಅಲ್ಲಿ ಹಮೀದಾಕನ ಬಸಳೆ, ಹಾಗಲ, ಅವುಗಳ ಪಕ್ಕ ನನ್ನ ಕುಂಡ.

"ಇದೆಂತ ಬಳ್ಳಿ ಮಾರಾಯ? ಎಲೆ ಹಾಗಲದ ಹಾಗೆ ಉಂಟು," ಅಂದರು ಹಮೀದಾಕ, ಅದು ಚಿಗುರಿ ಎಲೆ ಬಿಟ್ಟ ಮೇಲೆ.

"ಹಾಪ್ಸ್ ಅಂತ ಹಮೀದಾಕ. ಬಿಯರಿಗೆ ಹಾಕ್ತಾರೆ."

ಎಲೆ ಮುಟ್ಟುತ್ತಿದ್ದ ಅವರ ಕೈ ಹಿಂದೆ ಬಂತು.

"ನೀವು ರಂಜಾನಿನಲ್ಲಿ ನೋಂಬು ಬಿಟ್ಟ ಮೇಲೆ ಕುಡೀತೀರಲ್ಲ ಮಾಲ್ಟ್ ಬಾಟ್ಲಿ, ಅದಕ್ಕೂ ಇದನ್ನೇ ಹಾಕೋದು."

"ಸುಳ್ಳು ಹೇಳ್ಬೇಡ." ಒಳಗೆ ಹೋಗಿ ಒಂದು ಬಾಟಲಿ ತಂದರು. ಕನ್ನಡಕ ಹಣೆಗೇರಿಸಿ ಲೇಬಲ್ ಓದಿದರು. ನಿಧಾನವಾಗಿ ಮುಖ ಎತ್ತಿದರು. "ಇಷ್ಟು ವರ್ಷ ಕುಡಿದದ್ದು ಇದನ್ನಾ! ಸಫಿಯಾ, ಕೇಳಿದ್ಯಾ?" ಆಮೇಲೆ ಬಾಟಲಿಯನ್ನು ಗೋಡೆಯ ಮೇಲಿಟ್ಟು ಬಸಳೆಯ ಚಪ್ಪರದಿಂದ ಒಂದು ತಂತಿ ಬಿಚ್ಚಿ ನನ್ನ ಬಳ್ಳಿಗೆ ಕಟ್ಟಿದರು. "ಬಳ್ಳಿ ಎಂತ ಮಾಡಿತು ಪಾಪ. ತಾನು ಯಾವ ಬಾಟ್ಲಿಗೆ ಹೋಗ್ತೇನೆ ಅಂತ ಅದಕ್ಕೆ ಗೊತ್ತುಂಟಾ?"

ಆ ಮಾತು ನನಗೆ ಆಗ ತಮಾಷೆಯಾಗಿ ಕೇಳಿಸಿತ್ತು.

ಹಾಪ್ಸ್ ಚೆನ್ನಾಗಿ ಬೆಳೆದು ಹೂ ಬಿಡಬೇಕಾದರೆ ಹಗಲು ಉದ್ದ ಇರಬೇಕು. ಇಲ್ಲಿನ ಚಳಿಗಾಲದಲ್ಲಿ ಸೂರ್ಯ ನಮ್ಮ ಆಫೀಸಿನವರಿಗಿಂತ ಬೇಗ ಮನೆಗೆ ಹೋಗುತ್ತಾನೆ. ಹಾಗಾಗಿ ಗೋಡೆಗೆ ಒಂದು ಟ್ಯೂಬ್‌ಲೈಟ್ ಸಿಗಿಸಿ ಸಂಜೆಯ ಮಗ್ರಿಬ್ ನಮಾಜು ಆದ ಮೇಲೂ ಉರಿಸುತ್ತಿದ್ದೆ. "ಸೂರ್ಯನಿಗೆ ಓವರ್‌ಟೈಮ್ ಹಾಕಿದ್ದೀಯಲ್ಲ, ಕರೆಂಟ್ ಬಿಲ್ಲು ಅರಬಾಬ್ ಕೊಡ್ತಾನಾ?" ಅಂತ ಹಮೀದಾಕ ರೇಗಿಸುತ್ತಿದ್ದರು. ರೇಗಿಸಿದರೂ ನಾನು ಶಿಫ್ಟಿಗೆ ಹೋದ ದಿನ ಅವರೇ ಸ್ವಿಚ್ ಹಾಕುತ್ತಿದ್ದರು. ಡಿಸೆಂಬರಿಗೆ ಬಳ್ಳಿ ತಂತಿ ಮುಗಿಸಿ ಸಫಿಯಮ್ಮನ ಬಟ್ಟೆ ಹಗ್ಗ ಹಿಡಿಯಿತು. ಒಂದು ದಿನ ಮರಳುಗಾಳಿ ಬೀಸಿ ಎಲೆಯೆಲ್ಲ ಹಿಟ್ಟು ಮೆತ್ತಿದಂತಾದಾಗ ಭಾಗ್ಯ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದಳು. ಅವಳಿಗೆ ಅದು ಗಿಡವಾಗಿರಲಿಲ್ಲ. ಫೋನಿನಲ್ಲಿ ಅವರಮ್ಮನಿಗೆ, "ನಾನು ಇಲ್ಲೇ ಉಳ್ಕೊಳೋದು ಗೋಡೆ ಮ್ಯಾಲೆ ಹಬ್ತಾ ಅದೆ ಕಣವ್ವ," ಅನ್ನುವುದನ್ನು ಕೇಳಿಸಿಕೊಂಡಿದ್ದೇನೆ.

ರಂಜಾನಿಗೆ ಮುಂಚೆ ಹೂ ಬಂತು. ಹಸಿರು, ಹೆಬ್ಬೆರಳ ತುದಿಯಷ್ಟು, ಕಾಗದದಂಥ ಪದರ ಪದರ. ಬಿಡಿಸಿದರೆ ಒಳಗೆ ಹಳದಿ ಪುಡಿ, ಬೆರಳಿಗೆ ಅಂಟುತ್ತದೆ. ಮೂಸಿದರೆ ಒಮ್ಮೆ ನಿಂಬೆ, ಒಮ್ಮೆ ಹಸಿ ಹುಲ್ಲು. "ಹೂವಾ ಕಾಯಾ ಇದು?" ಅಂದಳು ಭಾಗ್ಯ. ಹೂ ಅಂದೆ. ಅವಳು ಒಂದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಂಡಳು. ಗಿಡ ಹೊಸದಾದ್ದರಿಂದ ಬಂದದ್ದು ಒಂದು ಮೊರದ ಮೂಲೆ ತುಂಬುವಷ್ಟೇ. ಒಂದು ಪಾತ್ರೆಗೆ ಸಾಕು, ಎರಡನೆಯದಕ್ಕೆ ಇಲ್ಲ. ಎರಡನೆಯ ಸಲ ಮಾಡಿ ನೋಡೋಣ ಅನ್ನುವುದಕ್ಕೆ ಅವಕಾಶ ಇರಲಿಲ್ಲ.

ಫ್ಯಾಕ್ಟರಿಯ ದೊಡ್ಡ ಹಂಡೆಗಳೆಲ್ಲ ಹಬ್ಬದ ಆರ್ಡರಿಗೆ ಓಡುತ್ತಿದ್ದವು. ಸ್ಯಾಂಪಲ್ಲನ್ನು ಮನೆಯಲ್ಲೇ ಕುದಿಸಿ ಸ್ಟೀಲ್ ಕ್ಯಾನಿನಲ್ಲಿ ತಾ, ಗ್ಯಾಸು ಇಲ್ಲಿ ತುಂಬೋಣ ಅಂದಿದ್ದ ತಾರೆಕ್. ರಂಜಾನಿನ ಮಧ್ಯೆ ಒಂದು ಶುಕ್ರವಾರ ಒಲೆಗೆ ಇಟ್ಟೆವು. ಬಾರ್ಲಿ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಹಾಕಿ ಪಂಚೆಯಲ್ಲಿ ಸೋಸಿದಾಗ ರಾಗಿ ಅಂಬಲಿಯ ತಿಳಿಯಂಥ ನೀರು ಇಳಿಯಿತು, ಸಿಹಿ. ಅದು ಕುದಿಯುವಾಗ ಹೂ ಹಾಕಿದೆ. ಅಂಗಡಿಯ ಕಿತ್ತಳೆಗೆ ಮೇಣ ಬಳಿದಿರುತ್ತಾರೆ, ಅದನ್ನು ಬಿಸಿನೀರಿನಲ್ಲಿ ಉಜ್ಜಿ ತೆಗೆದದ್ದು ನಾನು. ತುರಿದದ್ದು ಭಾಗ್ಯ. ಬಿಳಿಯ ಪದರ ತಾಗದಂತೆ, ಬರೀ ಮೇಲಿನ ಬಣ್ಣ ಮಾತ್ರ ತೆಗೆಯಬೇಕು, ಇಲ್ಲದಿದ್ದರೆ ಬೇರೆ ಥರದ ಕಹಿ. ಅವಳು ತುಟಿ ಕಚ್ಚಿಕೊಂಡು ತುರಿದಳು. ಬೆರಳ ತುದಿ ಎರಡು ಕಡೆ ಕೆತ್ತಿಹೋಯಿತು.

"ಅರಬಾಬು ಮೊದ್ಲು ಏನ್ ನೋಡ್ತಾನೆ?" ಅಂದಳು.

"ನೊರೆ. ಗ್ಲಾಸಿಗೆ ಬಗ್ಗಿಸಿದ ತಕ್ಷಣ ಮೇಲೆ ಬೆಳ್ಳಗೆ ನಿಲ್ಲಬೇಕು. ನೊರೆ ನಿಲ್ಲದಿದ್ರೆ ಬಾಯಿಗೂ ಇಡಲ್ವಂತೆ."

ನೊರೆ ಬರುವುದು ಗ್ಯಾಸು ತುಂಬಿದ ಮೇಲೆ, ಫ್ಯಾಕ್ಟರಿಯಲ್ಲಿ ಅಂತ ನಾನು ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲಿಲ್ಲ, ನನಗೆ ಅದು ಉಸಿರಾಡುವಷ್ಟು ಗೊತ್ತಿದ್ದ ವಿಷಯ. ತಣಿದ ಪಾತ್ರೆಗೆ ಮುಚ್ಚಳ ಹಾಕಿ ಕಟ್ಟೆಯ ಮೇಲಿಟ್ಟು, ರಂಜಾನಿನ ಶಿಫ್ಟು ಇಫ್ತಾರಿನ ಮೇಲೆ ಶುರುವಾಗುವುದರಿಂದ, ಬಸ್ಸು ಹತ್ತಿದೆ.

ಬೆಳಿಗ್ಗೆ ಬಂದು ಬಾಗಿಲು ತೆರೆದರೆ ಮನೆಯ ವಾಸನೆ ಬದಲಾಗಿತ್ತು. ಬಾರ್ಲಿ ಇತ್ತು, ಕಿತ್ತಳೆ ಇತ್ತು. ಅವೆರಡರ ಜೊತೆ ಇನ್ನೊಂದು ಇತ್ತು. ಆ ಮೂರನೆಯದು ನನಗೆ ಓದಿ ತಿಳಿದದ್ದಲ್ಲ. ಚಿಕ್ಕಂದಿನಲ್ಲಿ ಅಪ್ಪ ಮನೆಗೆ ಬಂದು ಟವೆಲ್ ಕೊಡವಿದಾಗ ಬರುತ್ತಿದ್ದದ್ದು.

ಭಾಗ್ಯ ಅಡುಗೆಮನೆಯಿಂದ ಓಡಿಬಂದಳು. ಮುಖ ಅರಳಿತ್ತು. "ಬನ್ರೀ ಬನ್ನಿ, ಎಂಥಾ ನೊರೆ ಬಂದದೆ ನೋಡಿ!"

ಪಾತ್ರೆ ಓವನ್ನಿನ ಒಳಗಿತ್ತು. ಓವನ್ ಬಿಸಿ ಇರಲಿಲ್ಲ, ಒಳಗಿನ ಬಲ್ಬು ಮಾತ್ರ ಉರಿಯುತ್ತಿತ್ತು. ಪಕ್ಕದಲ್ಲಿ ಇಡ್ಲಿ ಹಿಟ್ಟಿನ ಡಬ್ಬ. ದೋಹಾದ ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ಉಪಾಯ ಇದು: ಎ.ಸಿ. ಮನೆಯಲ್ಲಿ ಹಿಟ್ಟು ಉಕ್ಕುವುದಿಲ್ಲ, ಆದ್ದರಿಂದ ಓವನ್ನಿನ ಬಲ್ಬಿನ ಕಾವಿನಲ್ಲಿ ಇಡುತ್ತಾರೆ. ಪಾತ್ರೆಯ ಮುಚ್ಚಳ ಓರೆಯಾಗಿ, ಕಂದು ನೊರೆ ಅಂಚು ದಾಟಿ ಇಳಿದು ಓವನ್ನಿನ ತಳದಲ್ಲಿ ಒಣಗಿತ್ತು.

"ಏನ್ ಮಾಡ್ದೆ ಭಾಗ್ಯ?"

"ನೀವ್ ಹೋದ್ಮೇಲೆ ಮುಚ್ಚಳ ತೆಗ್ದು ನೋಡ್ದೆ. ಒಂದ್ ಗುಳ್ಳೆನೂ ಇರ್ಲಿಲ್ಲ ಕಣ್ರೀ, ಸತ್ತೋದಂಗೆ ಬಿದ್ದಿತ್ತು. ಅರಬಾಬು ಬಾಯಿಗಿಡಲ್ಲ ಅಂದ್ರಲ್ಲ. ಅದ್ಕೇ ಇಡ್ಲಿ ಹಿಟ್ಟಿನ ಮ್ಯಾಲಿನ ತಿಳಿನೀರು ಒಂದ್ ಸೌಟು ಬುಟ್ಟು, ಬಲ್ಬು ಹಾಕಿ ಒಳಗಿಟ್ಟೆ. ಉಕ್ಕದೇ ಇದ್ರೆ ಕೇಳಿ!"

ನಾನು ನೆಲದ ಮೇಲೆ ಕೂತೆ. ಅವಳ ಮುಖ ನಿಧಾನವಾಗಿ ಮುಚ್ಚಿಕೊಂಡಿತು. "ತಪ್ಪಾಯ್ತಾ?"

ಇಲ್ಲಿಂದ ನನ್ನ ತಲೆ ಕೆಟ್ಟದ್ದು ಇನ್ನೂ ಪೂರ್ತಿ ಸರಿಯಾಗಿಲ್ಲ. ಮನೆಯಲ್ಲಿ ಸಾಂದ್ರತೆ ನೋಡುವ ಗಾಜಿನ ಕೊಳವೆ ಇತ್ತು. ಪಾತ್ರೆಯಿಂದ ಸ್ವಲ್ಪ ಬಗ್ಗಿಸಿ ತೇಲಿಬಿಟ್ಟೆ; ಸಕ್ಕರೆ ಹುದುಗಿ ಮದ್ಯವಾದಷ್ಟೂ ಅದು ಕೆಳಗಿಳಿಯುತ್ತದೆ. ಕೊಳವೆ ನಿನ್ನೆ ನಿಂತ ಗೆರೆಯಿಂದ ಒಂದು ಕೂದಲೆಳೆ ಕೆಳಗಿತ್ತು. ಇನ್ನೊಮ್ಮೆ ನೋಡಿದೆ, ಅಲ್ಲೇ ಇತ್ತೇನೋ ಅನ್ನಿಸಿತು. ಮತ್ತೊಮ್ಮೆ ನೋಡಿದರೆ ಕೆಳಗೆ. ಇದೆ ಅನ್ನಲು ಕಡಿಮೆ, ಇಲ್ಲ ಅನ್ನಲು ಜಾಸ್ತಿ. ಇಡ್ಲಿ ಹಿಟ್ಟಿನಲ್ಲೂ ಬೇಯುವ ಮುಂಚೆ ಇಂಥದೇ ಒಂದು ಅಂಶ ಇರುತ್ತದೆ, ಅದನ್ನು ಯಾರೂ ಹೆಂಡ ಅನ್ನುವುದಿಲ್ಲ. ಆದರೆ ಇದು ಇಡ್ಲಿಯಲ್ಲವಲ್ಲ. ಈ ದೇಶದಲ್ಲಿ ಮನೆಯಲ್ಲಿ ಇಂಥದ್ದು ಮಾಡುವುದು ಎಂಥ ತಪ್ಪು ಅಂತ ಬಸ್ಸಿನಲ್ಲಿ ಹೊಸಬರಿಗೆ ಬುದ್ಧಿ ಹೇಳುತ್ತಿದ್ದವನು ನಾನೇ. ಹಾಗಾದರೆ ನಾವಿಬ್ಬರೂ ಈಗ ಅಪರಾಧಿಗಳಾ, ಅಥವಾ ಹಿಟ್ಟು ಕೆಡಿಸಿದ ಗಂಡ ಹೆಂಡತಿಯಾ?

ಅಷ್ಟರಲ್ಲಿ ತಾರೆಕ್‌ನ ಫೋನು. "ರೆಡಿಯಾ? ಇವತ್ತೇ ಇಫ್ತಾರ್ ಆದ ಮೇಲೆ ಮಜ್ಲಿಸ್. ಕ್ಯಾನಿನ ಮೇಲೆ ಸ್ಟಿಕ್ಕರ್ ಹಚ್ಚು. 'ಹುದುಗಿಸಿಲ್ಲ' ಅಂತ ಬರೆ. ಕೆಳಗೆ ನಿನ್ನ ಹೆಸರು ಹಾಕು, ಕೆಮಿಸ್ಟ್ ಪುಟ್ಟರಾಜು ಅಂತಲೇ ಹಾಕು. ಖುಷಿಯಾ?"

"ಸಾರ್, ಒಂದು ವಿಷಯ..."

"ಚೆನ್ನಾಗಿದೆ ಅಂತ ಮಾತ್ರ ಹೇಳು. ಬಾಕಿ ಬಂದ ಮೇಲೆ." ಇಟ್ಟೇಬಿಟ್ಟ.

ಭಾಗ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲ ಹೇಳಿದೆ. ಅವಳು, "ಕುದ್ಸಿಬುಡಿ," ಅಂದಳು. "ಕುದಿಸುದ್ರೆ ಅದೆಲ್ಲ ಆವಿ ಆಯ್ತದೆ ಅಂತ ನೀವೇ ಹೇಳಿದ್ರಲ್ಲ. ಆಮ್ಯಾಕೆ ಏನಿರ್ತದೆ ಅದ್ರಾಗೆ? ಮೊದ್ಲಿದ್ದಂಗೇ ಆಯ್ತದಲ್ವಾ?"

ಆಗುತ್ತದೆ. ವಿಜ್ಞಾನ ಕೇಳಿದರೆ ಆಗುತ್ತದೆ, ಹೆಚ್ಚು ಕಡಿಮೆ. ಆದರೆ "ಹುದುಗಿಸಿಲ್ಲ" ಅನ್ನುವ ಮಾತು ಪಾತ್ರೆಯಲ್ಲಿ ಈಗ ಏನಿದೆ ಅನ್ನುವುದನ್ನು ಹೇಳುತ್ತದೋ, ನಿನ್ನೆ ರಾತ್ರಿ ಅದಕ್ಕೆ ಏನಾಯಿತು ಅನ್ನುವುದನ್ನೋ? ಐದು ವರ್ಷ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಂಗಳದಲ್ಲಿ ಹಮೀದಾಕ ಬಸಳೆಗೆ ನೀರು ಹಾಕುತ್ತಿದ್ದರು. ವಾಸನೆ ಅವರಿಗೂ ಹೋಗಿರಬೇಕು. ಕಿಟಕಿಯಿಂದ ನನ್ನನ್ನು ನೋಡಿ, "ಎಂತ ರಾಜು, ಮುಖ ಹೊಗೆ ಹಾಕಿದ ಹಾಗೆ ಉಂಟು?" ಅಂದರು. ಹೊರಗೆ ಹೋಗಿ ಅವರಿಗೂ ಎಲ್ಲ ಹೇಳಿದೆ. ಹೇಳಿ, "ಕುದಿಸಿ ಕೊಟ್ರೆ ನೀವು ಕುಡೀತೀರಾ?" ಅಂತ ಕೇಳಿದೆ.

"ನಾನು ಧರ್ಮ ಹೇಳುವ ಮುಸ್ಲಿಯಾರಲ್ಲ ಮಾರಾಯ, ಪಾತ್ರೆ ಮಾರುವವ." ಪೈಪು ಕೆಳಗಿಟ್ಟರು. "ನೀನು ಹೇಳದೆ ಕೊಟ್ಟಿದ್ದರೆ ಕುಡೀತಿದ್ದೆ. ಹೇಳಿದ ಮೇಲೆ ಕುಡಿಯುವುದಿಲ್ಲ."

"ಅಂದ್ರೆ ಹೇಳೋದೇ ತಪ್ಪಾ?"

"ಹಾಗೆ ಹೇಳಿದೆನಾ ನಾನು?" ಅವರೂ ಗೊಂದಲಕ್ಕೆ ಬಿದ್ದಂತೆ ಗಡ್ಡ ಕೆರೆದುಕೊಂಡರು. "ನೋಡು, ವಿನೆಗರ್ ಉಂಟಲ್ಲ, ಅದೂ ಒಂದು ಕಾಲಕ್ಕೆ ಶರಾಬೇ ಆಗಿತ್ತಂತೆ. ತಾನಾಗಿ ಹುಳಿಯಾಗಿ ಹೋದರೆ ಅದು ಹಲಾಲು ಅಂತಾರೆ."

"ಮೊದಲು ಸರಿ, ಕೊನೆಗೂ ಸರಿ. ಮಧ್ಯದಲ್ಲಿ ನಿಂತದ್ದು ಮಾತ್ರ ತಪ್ಪಾ?"

"ನನ್ನನ್ನು ಎಂತಕ್ಕೆ ಸಿಕ್ಕಿಸ್ತೀ? ನೋಂಬು ಹಿಡಿದಿದ್ದೇನೆ, ಬಾಯಿ ಒಣಗಿದೆ."

"ಹಮೀದಾಕ, ಭಾಗ್ಯ ಕಳಿಸೋ ಇಡ್ಲಿ ಹಿಟ್ಟಲ್ಲೂ ಸ್ವಲ್ಪ..."

"ಇಡ್ಲಿ ವಿಷಯ ಮಾತ್ರ ಸಫಿಯಾನ ಹತ್ರ ತೆಗೀಬೇಡ. ನನಗೆ ಅತ್ತಾಳಕ್ಕೆ ಅದೊಂದೇ ಇಳಿಯುವುದು." ಅತ್ತಾಳ ಅಂದರೆ ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟ. ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು, "ನಿನಗೆ ಹೆಂಡತಿ ಇಲ್ಲಿ ಇರಬೇಕು, ನನಗೆ ಗೊತ್ತುಂಟು. ನಾನು ಎಂತ ಹೇಳಲಿ."

ಅಪ್ಪನಿಗೆ ಫೋನು ಮಾಡಿದೆ. ಯಾಕೆ ಮಾಡಿದೆ ಗೊತ್ತಿಲ್ಲ. ಅವರಿಗೆ ನನ್ನ ಕಂಪನಿ ಜ್ಯೂಸಿನದು ಅಂತಷ್ಟೇ ಗೊತ್ತು. ಮನೆಯಲ್ಲಿ ಒಂದು ಪಾತ್ರೆ ಬಾರ್ಲಿ ನೀರು ಹುಳಿ ಬಂದು ಹೆಂಡದ ಥರ ಆಗಿದೆ ಅಂದೆ. ಅಪ್ಪ, "ಅಲ್ಲಿಗೂ ಬಂತಾ ಮಗಾ ಅದು?" ಅಂದರು. ಬೈಯಲಿಲ್ಲ. ಯಾವುದೋ ಹಳೆಯ ಸಾಲಗಾರ ವಿಳಾಸ ಹುಡುಕಿಕೊಂಡು ಬಂದನಾ ಅಂತ ವಿಚಾರಿಸುವವರ ದನಿ. "ಭಾಗ್ಯ ಚೆನ್ನಾಗವ್ಳಾ?" ಅಂತ ಕೇಳಿ ಇಟ್ಟುಬಿಟ್ಟರು.

ಮಾರ್ಕರ್ ತೆಗೆದುಕೊಂಡು ಸ್ಟಿಕ್ಕರಿನ ಮುಂದೆ ಕೂತೆ. ಕೆಳಗಿನಿಂದ ಶುರುಮಾಡಿದೆ, ಅದು ಸುಲಭ ಅಂತ. ಕೆಮಿಸ್ಟ್ ಪುಟ್ಟರಾಜು. ಆ ಎರಡು ಪದವನ್ನು ಒಟ್ಟಿಗೆ ನಾನು ಹಿಂದೆ ಎಲ್ಲೂ ಬರೆದಿರಲಿಲ್ಲ. ಬರೆದು ನೋಡಿದೆ, ಚೆಂದ ಕಂಡಿತು. ಮೇಲಿನ ಸಾಲಿಗೆ ಕೈ ಹೋಯಿತು, ಬರೆಯಲಿಲ್ಲ. ದೊಡ್ಡ ಸತ್ಯವಂತ ಅಂತಲ್ಲ. ತಾರೆಕ್ ಅಷ್ಟೇನೂ ಒಳ್ಳೆಯ ಪ್ರಶ್ನೆ ಕೇಳುವವನಲ್ಲ, ಅರಬಾಬ್ ಕುಡಿದು ಶಹಬ್ಬಾಸ್ ಅನ್ನುತ್ತಿದ್ದ, ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ನನ್ನನ್ನು ಓದಿಸಿದ್ದು, ನನಗೆ ಅನ್ನ ಕೊಡುವುದು, ಒಂದು ಪಾತ್ರೆಯನ್ನು ನೋಡಿ ಇದರಲ್ಲಿ ಇಂಥದ್ದಾಗಿದೆ ಅಂತ ಹೇಳುವುದಕ್ಕೆ. ಕೆಮಿಸ್ಟ್ ಅಂತ ಮೊದಲ ಸಲ ಬರೆದುಕೊಂಡು ಅದರ ಮೇಲಿನ ಸಾಲಿನಲ್ಲೇ ಆಗಿಲ್ಲ ಅಂತ ಬರೆದರೆ ಮತ್ತೆ ಹೆಲ್ಪರ್ ಅನ್ನುವ ಪದದಲ್ಲಿ ತಪ್ಪೇನಿತ್ತು? ಹೀಗೆ ಯೋಚಿಸಿದೆ ಅಂತ ಈಗ ಅನ್ನಿಸುತ್ತದೆ. ಆಗ ಬರೀ ಕೈ ಓಡಲಿಲ್ಲ, ಅಷ್ಟೇ ಇರಬಹುದು.

ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ನಡೆದೆ. ಭಾಗ್ಯ ಬಾಗಿಲಿಗೆ ಅಡ್ಡ ನಿಂತಳು.

"ನನ್ ವೀಸಾ ಕಣ್ರೀ ಅದು. ಚೆಲ್ಬೇಡಿ."

"ಗೊತ್ತು."

"ಗೊತ್ತಿದ್ದೂ ಚೆಲ್ತೀರಾ? ನಾನ್ ಮಾಡಿದ್ ತಪ್ಪಿಗೆ ನನ್ನ ಬೈರಿ. ಎರಡ್ ಏಟು ಹೊಡೀರಿ. ಅದನ್ನ ಮಾತ್ರ..."

ನಾನು ಪಾತ್ರೆ ಹಿಡಿದುಕೊಂಡೇ ನಿಂತೆ. ಅವಳೇ ಪಕ್ಕಕ್ಕೆ ಸರಿದಳು. ನಾನು ಬಗ್ಗಿಸುವಾಗ ಅವಳು ನೋಡಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಿದ್ದಳು. ಬಚ್ಚಲ ತೂತಿನ ಸುತ್ತ ಬೆಳ್ಳಗೆ ನೊರೆ ನಿಂತಿತು. ಬಹಳ ಹೊತ್ತು ನಿಂತಿತು.

ಅವತ್ತೇ ಮಧ್ಯಾಹ್ನ ತಾರೆಕ್‌ನ ಕೋಣೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವನು ಎದ್ದು ಬಾಗಿಲು ಹಾಕಿದ. "ಎಲ್ಲಿದೆ ಅದು?"

"ಚೆಲ್ಲಿದೆ."

ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಅವನಿಗೂ ಉಪವಾಸ, ತುಟಿ ಬಿರಿದಿತ್ತು. "ನೀನು ಹೇಳದಿದ್ದರೆ ನಾನು ಕುಡಿಯುತ್ತಿದ್ದೆ. ಅರಬಾಬ್‌ನ ತಾಯಿಗೂ ಕುಡಿಸುತ್ತಿದ್ದೆ, ಆಕೆ ಮಜ್ಲಿಸ್‌ನಿಂದ ಮನೆಯೊಳಗೆ ಒಂದು ಗ್ಲಾಸು ಕಳಿಸು ಅಂದಿದ್ದಳು." ಥ್ಯಾಂಕ್ಸ್ ಹೇಳುತ್ತಿದ್ದಾನೋ ಬೈಯುತ್ತಿದ್ದಾನೋ ತಿಳಿಯಲಿಲ್ಲ. "ಈ ಮಾತು ಈ ಕೋಣೆಯಲ್ಲೇ ಇರಲಿ. ಹಾಪ್ಸ್ ಇಲ್ಲ, ಕಿತ್ತಳೆ ಇಲ್ಲ. ಖಲಾಸ್."

"ಸಾರ್, ನನ್ನ ಕೆಮಿಸ್ಟ್ ವಿಷಯ?"

"ಪುಟ್ಟರಾಜು," ಅಂದ ತಾರೆಕ್. ಅವನು ಮುಖ ನೋಡಿ ನನ್ನ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಕೆಲಸಕ್ಕೆ ಹೋಗು."

ಆ ಸಂಜೆ ಮಜ್ಲಿಸ್‌ಗೆ ಖರ್ಜೂರದ ಶರಬತ್ತು ಹೋಯಿತಂತೆ. ಅರಬಾಬ್‌ನ ಲೋಕಲ್ ಹುಚ್ಚು ಈದ್ ಹೊತ್ತಿಗೆ ಒಂಟೆ ಹಾಲಿನ ಕಡೆ ತಿರುಗಿತ್ತು. ಈದ್ ಆದ ಸ್ವಲ್ಪ ದಿನಕ್ಕೆ ಭಾಗ್ಯಳ ವಿಸಿಟ್ ವೀಸಾ ಮುಗಿಯಿತು. ಏರ್‌ಪೋರ್ಟಿಗೆ ಹಮೀದಾಕನೇ ಕಾರಿನಲ್ಲಿ ಬಿಟ್ಟರು. ಒಳಗೆ ಹೋಗುವ ಮುಂಚೆ ಅವಳು, "ನನ್ ಕೈಯ್ಯಾರೆ ಮಾಡ್ಕೊಂಡೆ," ಅಂದಳು. ನಾನು, ಅದು ನಿನ್ನ ತಪ್ಪಲ್ಲ ಅಂತ ಹೇಳಬೇಕಿತ್ತು. ಹೇಳಿದೆ ಕೂಡ. ಆದರೆ ಅವಳು ಆಗಲೇ ಪಾಸ್‌ಪೋರ್ಟ್ ತೋರಿಸುತ್ತಿದ್ದಳು.

ಮೇ ತಿಂಗಳಲ್ಲಿ ಸೆಖೆ ಏರಿತು, ಹಾಪ್ಸ್ ಬಳ್ಳಿ ಕಾಗದದಂತೆ ಒಣಗಿತು. ಫೋನಿನಲ್ಲಿ ಭಾಗ್ಯ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಊಟ ಆಯ್ತಾ, ಆಯ್ತು. ಮಳೆ ಬಂತಾ, ಬಂತು. ಒಂದು ದಿನ ನಮ್ಮಮ್ಮ ಅವಳ ಕೈಯಿಂದ ಫೋನು ಇಸಿದುಕೊಂಡು, "ಏನ್ ಮಾಡ್ದ್ಯೋ ಹುಡ್ಗಿಗೆ? ಇಡ್ಲಿಗೆ ಅಕ್ಕಿ ನೆನ್ಸು ಅಂದ್ರೆ ಕೂತ್ಕೊಂಡು ಅಳ್ತಾಳೆ," ಅಂದರು. ಚೆಲ್ಲಿದ್ದು ಸರಿಯಾ ಅಂತ ನಾನು ದಿನಾ ಬಸ್ಸಿನಲ್ಲಿ ಕೂತು ನನ್ನೊಳಗೆ ವಾದ ಮಾಡುತ್ತಿದ್ದೆ. ಕೈಗಾರಿಕಾ ಪ್ರದೇಶ ಬರುವ ಹೊತ್ತಿಗೆ ಸರಿ ಅನ್ನಿಸುತ್ತಿತ್ತು, ಅಲ್ ಹಿಲಾಲ್‌ಗೆ ವಾಪಸ್ ಬಂದು ಬಾಗಿಲ ಬೀಗ ತೆರೆಯುವಾಗ ಅಲ್ಲ ಅನ್ನಿಸುತ್ತಿತ್ತು.

ಆಗಸ್ಟಿನಲ್ಲಿ ಗ್ರೇಸ್ ಕೆಲಸ ಬಿಟ್ಟು ಕೆನಡಾಕ್ಕೆ ಹೋದಳು, ಅಲ್ಲಿ ಅವಳ ಅಕ್ಕ ಇದ್ದಳು. ಅವಳ ಕೊನೆಯ ದಿನ ಕೇಕು ತಿಂದೆವು. ಮಾರನೆಯ ವಾರ ಆಫೀಸಿನಿಂದ ಕರೆ ಬಂತು. ಫ್ಯಾಕ್ಟರಿ ನಡೆಯಬೇಕಾದರೆ ಕಾಗದದ ಮೇಲೆ ಒಬ್ಬ ಕೆಮಿಸ್ಟ್ ಇರಲೇಬೇಕಂತೆ. ಸದ್ಯಕ್ಕೆ ಆ ಡಿಗ್ರಿ ಇರುವವನು ನಾನೊಬ್ಬನೇ. ಸರ್ಟಿಫಿಕೇಟ್ ದೃಢೀಕರಿಸಿ ತಾ ಅಂದರು. ತಂದೆ. ಕಾರ್ಡು ಬದಲಾಯಿತು. ಇದರಲ್ಲಿ ನಿಮ್ಮ ಕೈ ಏನಾದರೂ ಇತ್ತಾ ಅಂತ ತಾರೆಕ್‌ನನ್ನು ಕೇಳಿದೆ. "ನನ್ನದಾ? ಇಲ್ಲ. ಅವಳು ಹೋದಳು, ನೀನಿದ್ದೆ," ಅಂದ. ಹಾಗಂದವನ ಮುಖದಲ್ಲಿ ಏನೂ ಓದಲು ಆಗಲಿಲ್ಲ.

ಸಂಜೆ ಭಾಗ್ಯಳಿಗೆ ಫೋನು ಮಾಡಿದೆ. ವಿಷಯ ಹೇಳಿದೆ. ಅವಳು ಕಿರುಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಕಿರುಚಲಿಲ್ಲ.

"ಯಾಕ್ ಕೊಟ್ರು?"

"ಗ್ರೇಸ್ ಬಿಟ್ಟು ಹೋದ್ಲು. ಅದಕ್ಕೆ."

"ಅಂದ್ರೆ ಆ ಪಾತ್ರೆಗೂ ಇದ್ಕೂ ಸಂಬಂಧನೇ ಇಲ್ವಾ?"

"ಇಲ್ಲ ಅನ್ಸುತ್ತೆ."

"ಅವತ್ತು ನಾನು ತಿಳಿನೀರು ಬುಡ್ದೇ ಇದ್ದಿದ್ರೂ ಇಷ್ಟೇ ಆಗ್ತಿತ್ತಾ?"

"ಗೊತ್ತಿಲ್ಲ ಭಾಗ್ಯ."

"ನೀವ್ ಚೆಲ್ದೇ ಇದ್ದಿದ್ರೆ?"

"ಅದೂ ಗೊತ್ತಿಲ್ಲ."

ಆಚೆ ಕಡೆ ಹಟ್ಟಿಯಲ್ಲಿ ಯಾರೋ ದನ ಕಟ್ಟುತ್ತಿದ್ದ ಸದ್ದು. ಅವಳು ಮೂಗೊರೆಸಿಕೊಂಡಳು. "ಮತ್ತೆ ನಾನು ಇಷ್ಟ್ ದಿನ ಯಾತಕ್ರೀ ಅತ್ತೆ?"

ಟಿಕೆಟ್ ಯಾವತ್ತಿಗೆ ಮಾಡಿಸಲಿ ಅಂತ ಕೇಳಿದೆ.